ಶೆಡ್‌ನ ಕ್ರಾಸ್ ಆಂಗಲ್ ಬಾಗೋದು ಯಾಕೆ?

ನಾನು ಓದಿದ್ದು ತೋಟಗಾರಿಕೆ, ಕಬ್ಬಿಣದ ಲೆಕ್ಕ ಅಲ್ಲ. ಮೈಸೂರಿನ ಅಂಚಿನ ನಮ್ಮ ತೋಟದಲ್ಲಿ ತರಕಾರಿ ಪ್ಯಾಕ್ ಮಾಡೋಕೆ ಶೀಟ್ ಶೆಡ್ ಹಾಕಿಸಿದಾಗ, "ಕ್ರಾಸ್‌ಗೆ 40ರ ಆಂಗಲ್ ಒಂದೊಂದು ಸಾಕು ಸಾರ್" ಅಂತ ವೆಲ್ಡರ್ ಹೇಳಿದ್ದಕ್ಕೆ ನಾನೂ ಹೂಂ ಅಂದೆ. ಏಪ್ರಿಲ್‌ನ ಒಂದು ಸಂಜೆ ಮಳೆಗೆ ಮುಂಚೆ ಬೀಸಿದ ಗಾಳಿಗೆ ಎರಡೂ ಪಕ್ಕದ ಕ್ರಾಸ್ ಬಿಲ್ಲಿನ ಹಾಗೆ ಬಾಗಿತು, ಕಂಬಗಳು ವಾಲಿದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಎಳೆದರೆ ಗಟ್ಟಿ, ಒತ್ತಿದರೆ ಸಡಿಲ

ಪೊರಕೆ ಕಡ್ಡಿಯನ್ನು ಎರಡೂ ತುದಿ ಹಿಡಿದು ಎಳೆಯಿರಿ, ಸುಲಭಕ್ಕೆ ತುಂಡಾಗಲ್ಲ. ಅದೇ ಕಡ್ಡಿಯನ್ನು ತುದಿಗಳಿಂದ ಒತ್ತಿ, ತಕ್ಷಣ ಬಾಗುತ್ತೆ. ಆಂಗಲ್ ಕಥೆಯೂ ಇಷ್ಟೇ.

ನಮ್ಮ ಕಂಬ 3 ಮೀಟರ್ ಎತ್ತರ, ಕಂಬದಿಂದ ಕಂಬಕ್ಕೆ 2 ಮೀಟರ್. ಹಾಗಾಗಿ ಕ್ರಾಸ್ ಉದ್ದ 3.6 ಮೀಟರ್. 40x40x5 ಆಂಗಲ್ ಎಳೆತಕ್ಕೆ ಲೆಕ್ಕದಲ್ಲಿ 9 ಟನ್‌ಗೂ ಹೆಚ್ಚು ತಡೆಯುತ್ತೆ. ಇಷ್ಟುದ್ದ ಇದ್ದಾಗ ಒತ್ತಡಕ್ಕೆ ತಡೆಯೋದು ಬರೀ 340 ಕಿಲೋ ಆಸುಪಾಸು! ಅದೂ ಒತ್ತಡ ನಟ್ಟನಡುವೆ ಬಿದ್ದರೆ. ನಾವು ಆಂಗಲ್‌ನ ಒಂದೇ ಕಿವಿಯನ್ನು ಪ್ಲೇಟಿಗೆ ಕೂರಿಸ್ತೀವಿ. ಒತ್ತಡ ಪಕ್ಕಕ್ಕೆ ಬಿದ್ದು ಇನ್ನೂ ಬೇಗ ಬಾಗುತ್ತೆ.

ಗಾಳಿ ಎಷ್ಟು? ಐಎಸ್ 875 ಪ್ರಕಾರ ಮೈಸೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಚದರ ಮೀಟರ್‌ಗೆ ಸುಮಾರು 65 ಕಿಲೋ. 6 ಮೀಟರ್ ಅಗಲದ ನಮ್ಮ ಮುಂಗೋಡೆಗೆ ಅಂಥ ಗಾಳಿ ಬಡಿದರೆ ಒಂದೊಂದು ಕ್ರಾಸ್ ಮೇಲೆ 500 ಕಿಲೋ ದಾಟುತ್ತೆ. ಇನ್ನೊಂದು ದಿಕ್ಕಿನಿಂದ ಬೀಸಿದಾಗ ಅದೇ ಕ್ರಾಸ್ ಎಳೆತಕ್ಕೆ ಬೀಳುತ್ತೆ, ಏನೂ ಆಗಲ್ಲ. ಅದಕ್ಕೇ ನಮಗೆ ಮುಂಚೆ ಗೊತ್ತಾಗಲಿಲ್ಲ.

ದಪ್ಪ ಅಲ್ಲ, ಉದ್ದ ನೋಡಿ

ಪ್ರತಿ ಆಂಗಲ್‌ಗೂ ಒಂದು ದುರ್ಬಲ ದಿಕ್ಕು ಇರುತ್ತೆ. ಉಕ್ಕಿನ ಕೋಷ್ಟಕದಲ್ಲಿ ಅದರ ಅಂಕಿ ಸಿಗುತ್ತೆ: 40x40x5ಕ್ಕೆ 7.7 ಮಿ.ಮೀ., 50x50x6ಕ್ಕೆ 9.6 ಮಿ.ಮೀ. ಉದ್ದವನ್ನು ಈ ಅಂಕಿಯಿಂದ ಭಾಗಿಸಿ. ಗಾಳಿಯಿಂದ ಮಾತ್ರ ಒತ್ತಡ ಬೀಳೋ ಕ್ರಾಸ್‌ಗೆ ಉತ್ತರ 250 ದಾಟಬಾರದು, ಚಾವಣಿ ಭಾರವನ್ನೂ ಹೊರೋದಾದರೆ 180. ಇದು ಐಎಸ್ 800:2007ರ ಮಿತಿ.

ನಮ್ಮದು: 3600 ÷ 7.7 = 467.
50x50x6 ಹಾಕಿದ್ದರೆ: 375. ಕಬ್ಬಿಣ ಒಂದೂವರೆ ಪಟ್ಟು, ಆದರೂ ಫೇಲ್.
ಎದುರು ದಿಕ್ಕಿಗೆ ಇನ್ನೊಂದು 40ರ ಆಂಗಲ್ ಹಾಕಿ, ಎರಡೂ ಸೇರುವ ನಡುಜಾಗದಲ್ಲಿ ಬೋಲ್ಟ್ ಬಿಗಿದರೆ: 1800 ÷ 7.7 = 234. ಪಾಸ್!

ಉದ್ದ ಅರ್ಧ ಆದರೆ ತಡೆಯೋ ಶಕ್ತಿ ನಾಲ್ಕು ಪಟ್ಟು. ಜೊತೆಗೆ ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದು ಆಂಗಲ್ ಎಳೆತದಲ್ಲಿದ್ದು ಇನ್ನೊಂದನ್ನು ನಡುವೆ ಹಿಡಿದಿಡುತ್ತೆ.

ಶೆಡ್ ಹಾಕಿಸೋರು ಗಮನಿಸಿ

• ಕ್ರಾಸ್ ಎರಡೂ ದಿಕ್ಕಿಗೆ ಇರಲಿ, ನಡುವೆ ಬೋಲ್ಟ್ ತಪ್ಪಿಸಬೇಡಿ.
• ತುದಿಯಲ್ಲಿ ಒಂದೇ ಬೋಲ್ಟ್ ಬೇಡ, ಕನಿಷ್ಠ ಎರಡು ಹಾಕಿಸಿ.
• ಗುಜರಿಯ ಸೊಟ್ಟ ಆಂಗಲ್ ಬೇಡವೇ ಬೇಡ. ಮೊದಲೇ ಬಾಗಿದ್ದು ಇನ್ನೂ ಬೇಗ ಬಾಗುತ್ತೆ.
• 250ರೊಳಗೆ ಬಂದರೆ ಎಲ್ಲಾ ಮುಗೀತು ಅಂತಲ್ಲ. ಕಂಬ, ಪಾಯ, ಬೋಲ್ಟ್ ಲೆಕ್ಕವನ್ನು ಸಿವಿಲ್ ಎಂಜಿನಿಯರ್‌ಗೆ ತೋರಿಸಿ.

ಇವತ್ತೇ ಟೇಪ್ ಹಿಡಿದು ನಿಮ್ಮ ಶೆಡ್ ಕ್ರಾಸ್ ಅಳೆಯಿರಿ, ಮೊಬೈಲ್‌ನಲ್ಲೇ ಭಾಗಿಸಿ. ಎರಡು ನಿಮಿಷದ ಕೆಲಸ. ನಾನು ಅದನ್ನು ಮಾಡಿದ್ದು ಶೆಡ್ ವಾಲಿದ ಮೇಲೆ.