ಕಬ್ಬು ಮತ್ತು ಕಬ್ಬಿಣ: ಕ್ಯೂಬಾದ ನೆಲೆಯಿಂದ ಮಂಡ್ಯ ಸೀಮೆಯ ಸಂಸ್ಕೃತಿಯ ಒಂದು ಓದು

ಒಂದು ಬೆಳೆಯ ಮೂಲಕ ಒಂದು ಜನಾಂಗದ ಚರಿತ್ರೆಯನ್ನು ಬರೆಯಬಹುದೆಂದು ತೋರಿಸಿಕೊಟ್ಟವನು ಕ್ಯೂಬಾದ ವಿದ್ವಾಂಸ ಫರ್ನಾಂಡೊ ಓರ್ಟಿಜ್. ತಂಬಾಕು ಮತ್ತು ಸಕ್ಕರೆಗಳನ್ನು ಎದುರುಬದುರಾಗಿ ನಿಲ್ಲಿಸಿ ಆತ ಬರೆದ ಕೃತಿ ಪ್ರಕಟವಾದದ್ದು 1940ರಲ್ಲಿ. ಬೇರೆ ಬೇರೆ ಸಂಸ್ಕೃತಿಗಳು ಒಂದೆಡೆ ಸೇರಿದಾಗ ಎಲ್ಲವೂ ಏನನ್ನೋ ಕಳೆದುಕೊಂಡು, ಏನನ್ನೋ ಪಡೆದು, ಹೊಸದೊಂದಾಗಿ ರೂಪುಗೊಳ್ಳುವ ಕ್ರಿಯೆಯನ್ನು ಆತ 'ಟ್ರಾನ್ಸ್‌ಕಲ್ಚರೇಷನ್' ಎಂದು ಕರೆದ. ಸಂಸ್ಕೃತಿ ಸಂಕ್ರಮಣವೆಂದು ಇದನ್ನು ಕನ್ನಡಿಸಿಕೊಳ್ಳಬಹುದು. 'ಸಕ್ಕರೆಯ ನಾಡು' ಎನಿಸಿಕೊಂಡ ಮಂಡ್ಯವನ್ನು ಅರಿಯಲು ಈ ವಿಧಾನ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಪ್ರಸ್ತುತ ಲೇಖನದ ಜಿಜ್ಞಾಸೆ.

ಕ್ಯೂಬಾದಲ್ಲಿ ಕಬ್ಬು ಜನರನ್ನು ತಂದಿತು. ಸ್ಪೇನಿನ ಆಳ್ವಿಕೆಯಲ್ಲಿ ಸುಮಾರು 8 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಆ ದ್ವೀಪಕ್ಕೆ ಸಾಗಿಸಲಾಯಿತು. ಇವರಲ್ಲಿ ಬಹುಪಾಲು ಜನ 19ನೆಯ ಶತಮಾನದ ಸಕ್ಕರೆಯ ಏಳಿಗೆಯ ಕಾಲಕ್ಕೆ ಸೇರಿದವರು. 1847ರಿಂದ ಮುಂದಕ್ಕೆ ಚೀನಾದಿಂದ ಕರಾರು ಕೂಲಿಗಳೂ ಬಂದರು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1886ರಲ್ಲಿ. ಹೀಗೆ ಬೇರು ಕಿತ್ತು ತಂದ ಜನರೊಡನೆ ಅವರ ದೈವಗಳೂ ಬಂದವು. ಅವುಗಳಲ್ಲಿ ಕಬ್ಬಿಣದ ಮತ್ತು ಕಮ್ಮಾರಿಕೆಯ ದೈವವಾದ ಓಗುನ್ ಒಬ್ಬ. ಕಬ್ಬು ಕಡಿಯುವ ಮಚ್ಚು ಅವನ ಲಾಂಛನ. 1868ರ ಅಕ್ಟೋಬರ್ 10ರಂದು ಸೆಸ್ಪೆಡೆಸ್ ಎಂಬ ಗಾಣದ ಒಡೆಯ ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಸ್ಪೇನಿನ ವಿರುದ್ಧ ದಂಗೆಯೆದ್ದನು. ಆ ಯುದ್ಧದಲ್ಲಿ ಗದ್ದೆಯ ಅದೇ ಮಚ್ಚು ಆಯುಧವಾಯಿತು.

ಮಂಡ್ಯದ ಕಥೆ ತಿರುಗುಮುರುಗು. ಇಲ್ಲಿ ಜನ ಮೊದಲೇ ಇದ್ದರು, ನೀರು ಅನಂತರ ಬಂದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಮೊದಲ ಒತ್ತಾಸೆ ಕಬ್ಬಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಾಗಿತ್ತು. ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಹರಿದ ಮೇಲೆ ರಾಗಿಯ ಹೊಲಗಳು ಗದ್ದೆಗಳಾದವು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಆಸಕ್ತಿಯೂ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು ಇಲ್ಲಿಗೆ ಹೊಸದೇನಲ್ಲ. 'ಆಲೆ' ಎಂಬ ಮಾತೇ ಕನ್ನಡದಲ್ಲಿ ಹಳೆಯದು. ಹೊಸದಾದದ್ದು ಅದರ ವ್ಯಾಪ್ತಿ ಮತ್ತು ಕಾರ್ಖಾನೆಯ ನಂಟು. ಆದರೆ ತೋಟದ ಒಡೆಯನೆಂಬ ವರ್ಗ ಇಲ್ಲಿ ಬೆಳೆಯಲಿಲ್ಲ. ಕಬ್ಬು ಸಣ್ಣ ಹಿಡುವಳಿಯ ಒಕ್ಕಲುಮಕ್ಕಳ ಬೆಳೆಯಾಗಿಯೇ ಉಳಿಯಿತು. ಕಾರ್ಖಾನೆಯ ದರ ಒಗ್ಗದಿದ್ದರೆ ಕಬ್ಬನ್ನು ಆಲೆಮನೆಗೆ ಹೊಡೆದು ಬೆಲ್ಲ ಮಾಡಿಸುವ ದಾರಿ ರೈತನಿಗಿತ್ತು. ಕ್ಯೂಬಾದ ಗುಲಾಮನಿಗೆ ಅಂಥ ಎರಡನೆಯ ದಾರಿ ಇರಲಿಲ್ಲ.

ಆದುದರಿಂದ ಮಂಡ್ಯದಲ್ಲಿ ಓರ್ಟಿಜ್‌ನ ಸಂಕ್ರಮಣವನ್ನು ಕಬ್ಬಿನ ಗದ್ದೆಯಲ್ಲಿ ಹುಡುಕಿದರೆ ದೊರೆಯುವುದು ಅಲ್ಪ. ಅದು ದೊರೆಯುವುದು ಕಬ್ಬಿಣದ ಕಥೆಯಲ್ಲಿ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದ ಭೂಗೋಳ ಬಹುಪಾಲು ಇದೇ ಸೀಮೆಯದು. ಕಮ್ಮಾರ ಮನೆತನದ ಕೆಂಪಾಚಾರಿಯ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಧರೆಗೆ ದೊಡ್ಡವರ ಮಠ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಸಿದ್ದಪ್ಪಾಜಿಯಾದ ಆ ಕೆಂಪಾಚಾರಿಯನ್ನು ಗುರು ಕಬ್ಬಿಣದ ಭಿಕ್ಷೆಗೆ ಕಳಿಸುವುದು ಹಲಗೂರಿಗೆ. ಕಬ್ಬಿಣವುಳ್ಳ ಪಾಂಚಾಳರು ಇಲ್ಲವೆನ್ನುತ್ತಾರೆ, ಘೋರ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಆತ ಗೆದ್ದು ಬರುತ್ತಾನೆ. ಇಲ್ಲಿ ಭಿಕ್ಷೆಯಾಗಿ ಕೇಳುತ್ತಿರುವುದು ಅನ್ನವನ್ನಲ್ಲ, ನೇಗಿಲು ಕುಡುಗೋಲುಗಳ ಮೂಲದ್ರವ್ಯವನ್ನು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಉತ್ಪಾದನೆಯ ಸಾಧನ ಕೆಲವರ ಕೈಯಲ್ಲೇ ಇರಬೇಕೆ ಎಂಬ ಪ್ರಶ್ನೆಯನ್ನು ಅಕ್ಷರದಿಂದ ದೂರವಿದ್ದ ಸಮುದಾಯಗಳು ದೈವದ ಬಾಯಿಂದ ಕೇಳಿಸಿವೆ. ಓಗುನ್ ಮತ್ತು ಸಿದ್ದಪ್ಪಾಜಿಯರ ನಡುವೆ ಯಾವ ಚಾರಿತ್ರಿಕ ಸಂಬಂಧವನ್ನೂ ಕಲ್ಪಿಸಬೇಕಾಗಿಲ್ಲ. ಒಂದೆಡೆ ಕಬ್ಬಿಣವು ಹೊರನಾಡಿನಲ್ಲಿ ನೆನಪನ್ನು ಉಳಿಸಿಕೊಳ್ಳುವ ದೈವ, ಇನ್ನೊಂದೆಡೆ ಹುಟ್ಟಿದೂರಿನಲ್ಲೇ ಪಾಲು ಕೇಳುವ ದೈವ. ಸಾಮ್ಯಕ್ಕಿಂತ ಈ ಅಂತರವೇ ಅಧ್ಯಯನಯೋಗ್ಯ.

ನಮ್ಮ ಜಾನಪದ ಅಧ್ಯಯನಗಳು ಕಾವ್ಯಕ್ಕೆ ಕೊಟ್ಟ ಮನ್ನಣೆಯನ್ನು ಆಲೆಮನೆಯ ಮಾತಿಗೆ ಕೊಟ್ಟಿಲ್ಲವೆಂದೇ ನನ್ನ ಭಾವನೆ. ಕೊಪ್ಪರಿಗೆಯ ಮುಂದೆ ಪಾಕದ ಹದ ನೋಡುವವನ ನುಡಿ, ಒಲೆಗೆ ಸಿಪ್ಪೆ ನೂಕುವವನ ಲೆಕ್ಕಾಚಾರ, ಹೊರ ಜಿಲ್ಲೆಗಳಿಂದ ಕಡಿಯಲು ಬರುವ ಕೂಲಿಗಳ ಕನ್ನಡ ಸ್ಥಳೀಯರ ಕನ್ನಡದೊಡನೆ ಬೆರೆಯುವ ಬಗೆ, ಇವೆಲ್ಲ ಸಂಕ್ರಮಣದ ಜೀವಂತ ಸಾಮಗ್ರಿ. ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. 1970ರಲ್ಲಿ 1 ಕೋಟಿ ಟನ್ ಸಕ್ಕರೆಯ ಗುರಿಯಿಟ್ಟು ಸುಮಾರು 85 ಲಕ್ಷ ಟನ್ ತೆಗೆದ ಕ್ಯೂಬಾ 2002ರಲ್ಲಿ ತನ್ನ ಕಾರ್ಖಾನೆಗಳಲ್ಲಿ ಅರ್ಧದಷ್ಟನ್ನು ಮುಚ್ಚಲು ತೊಡಗಿತು. 2023ರ ಹಂಗಾಮಿನ ಉತ್ಪಾದನೆ 5 ಲಕ್ಷ ಟನ್ನನ್ನೂ ಮುಟ್ಟಲಿಲ್ಲ. ಮಂಡ್ಯದ ಮೈಷುಗರ್ ಕೂಡ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಇತ್ತ ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಗೆ ಈ ಮೂರೂ ತಾಲ್ಲೂಕುಗಳ ಒಕ್ಕಲುಗಳು ಇಂದಿಗೂ ಹೋಗುತ್ತಾರೆ. ಸಿದ್ದಪ್ಪಾಜಿಯ ಗದ್ದುಗೆಯ ಬಳಿ ಪಂಕ್ತಿಸೇವೆಯಲ್ಲಿ ಹಲವು ಜಾತಿಯವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.