ಹೊಳೆಯಾಚೆಯ ಹಿಂಸೆ ಮತ್ತು ನ್ಯಾಯದ ತಕ್ಕಡಿ

ಹೂವಿನಹಡಗಲಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಮುಂಡರಗಿ ಸೀಮೆ. ಅದರಾಚೆ ಪೂರ್ವಕ್ಕೆ ಕೊಪ್ಪಳ. 1948ರಲ್ಲಿ ಈ ನೆರೆಯೂರುಗಳಿಗೆ ಮೂರು ಆಡಳಿತಗಳಿದ್ದವು. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವು, ಮುಂಡರಗಿ ಮುಂಬಯಿ ಪ್ರಾಂತದ್ದು, ಕೊಪ್ಪಳ ನಿಜಾಮನದು. ನುಡಿ ಒಂದೇ, ಬೀಗತನ ಒಂದೇ. ಆದರೆ ಒಂದು ಗಡಿಯಾಚೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ.

ಆ ಕಡೆಯ ಭಯಕ್ಕೆ ರಜಾಕಾರರೆಂದು ಹೆಸರು. ಮೂಲತಃ ಈ ಮಾತಿಗೆ ಸ್ವಯಂಸೇವಕನೆಂದಷ್ಟೇ ಅರ್ಥ. ಲಾತೂರಿನ ವಕೀಲ ಕಾಸಿಂ ರಜ್ವಿ 1946ರಲ್ಲಿ ಇತ್ತೆಹಾದ್ ಪಕ್ಷದ ಅಧ್ಯಕ್ಷನಾದ ಮೇಲೆ ಈ ಪಡೆ ಶಸ್ತ್ರ ಹಿಡಿದು ಬೆಳೆಯಿತು. ಬೀದರ್ ಸೀಮೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಹತ್ಯಾಕಾಂಡವೇ ನಡೆಯಿತು. ಇದನ್ನೆದುರಿಸಲು ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯಲ್ಲಿ ಹೋರಾಟದ ಶಿಬಿರವೆದ್ದಿತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ಸರಕಾರ ಅದನ್ನು ಯುದ್ಧವೆನ್ನಲಿಲ್ಲ, ಪೊಲೀಸ್ ಕಾರ್ಯಾಚರಣೆ ಎಂದಿತು. ಈ ಹೆಸರಿನ ಪರಿಣಾಮ ದೊಡ್ಡದು. ಅದೇ ವರ್ಷದ ನವೆಂಬರಿನಲ್ಲಿ ಟೋಕಿಯೋದ ನ್ಯಾಯಮಂಡಲಿ ಜಪಾನಿನ ನಾಯಕರ ಯುದ್ಧಾಪರಾಧಗಳಿಗೆ ತೀರ್ಪು ನೀಡಿತು. ರಜ್ವಿಯಾದರೋ ನಿಂತದ್ದು ಸಾಮಾನ್ಯ ದಂಡಸಂಹಿತೆಯ ಮುಂದೆ. ಕೊನೆಗೆ ಆತನ ಮೇಲೆ ಉಳಿದ ಶಿಕ್ಷೆ, 1948ರ ಜನವರಿಯಲ್ಲಿ ಬೀಬಿನಗರವೆಂಬ ಒಂದು ಗ್ರಾಮದ ಮೇಲೆ ನಡೆದ ದರೋಡೆಯದು. ವಿಶೇಷ ನ್ಯಾಯಮಂಡಲಿಯ ವಿಚಾರಣಾಕ್ರಮ ಸಮಾನತೆಗೆ ವಿರುದ್ಧವೆಂದು ಆತ ಹೊಸ ಸಂವಿಧಾನದ ಮೊರೆಹೊಕ್ಕನು. ಸರ್ವೋಚ್ಚ ನ್ಯಾಯಾಲಯ ವಾದವನ್ನು ಆಲಿಸಿ, 1953ರಲ್ಲಿ ತಳ್ಳಿಹಾಕಿತು. 1957ರಲ್ಲಿ ಬಿಡುಗಡೆಯಾದ ರಜ್ವಿ ಪಾಕಿಸ್ತಾನಕ್ಕೆ ಹೋಗಿ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡನು.

ಇಷ್ಟು ಹಿಂಸೆಗೆ ಒಂದು ದರೋಡೆಯ ಶಿಕ್ಷೆಯೇ ಎಂದು ಕೇಳುವವರುಂಟು. ನ್ಯಾಯಾಲಯ ತೂಗುವುದು ಸಾಕ್ಷ್ಯದಿಂದ ಸಿದ್ಧವಾದ ಒಂದು ಕೃತ್ಯವನ್ನು. ಒಂದು ಕಾಲದ ಕಣ್ಣೀರನ್ನಲ್ಲ. ಆ ಕೆಲಸ ಚರಿತ್ರೆಯದು. ಚರಿತ್ರೆಯ ತಕ್ಕಡಿಗಾದರೂ ಎರಡು ತಟ್ಟೆಗಳಿರಬೇಕು. ರಜಾಕಾರರನ್ನು ಖಂಡಿಸಿ ಬರೆದು, 1948ರ ಆಗಸ್ಟಿನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಮುಸಲ್ಮಾನರೇ. ಸೇನೆ ಬಂದಾಗಲೂ ಆನಂತರವೂ ಸೇಡಿಗೆ ಬಲಿಯಾದ ಮುಸಲ್ಮಾನರೂ ಅಸಂಖ್ಯರು. ನೆಹರೂ ಕಳುಹಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜಿಸಿತು. ಆ ವರದಿ ಸಾರ್ವಜನಿಕರ ಕಣ್ಣಿಗೆ ಬೀಳಲು 2013ರವರೆಗೆ ಕಾಯಬೇಕಾಯಿತು.

ಅಪರಾಧಿಯನ್ನು ಹೆಸರು ಹಿಡಿದು ಕರೆದು, ಸಾಕ್ಷ್ಯ ಕೇಳಿ ಶಿಕ್ಷಿಸುವುದು ನ್ಯಾಯ. ಅವನ ಹೆಸರಿನಲ್ಲಿ ನೆರೆಮನೆಯ ಬಾಗಿಲು ಮುರಿಯುವುದು ಇನ್ನೊಂದು ರಜಾಕಾರತನ. ಬೀಬಿನಗರದ ತೀರ್ಪು ಚಿಕ್ಕದೆನಿಸಬಹುದು. ಆದರೆ ತಪ್ಪನ್ನು ತಪ್ಪು ಮಾಡಿದವನಲ್ಲೇ ನಿಲ್ಲಿಸಿದ್ದು ಅದರ ಹಿರಿಮೆ. ಹೊಳೆಯ ಎರಡೂ ದಂಡೆಯವರು ಮಕ್ಕಳಿಗೆ ಆ ಕಾಲದ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಲಿ.