ಗೋಡೆಯಾಚೆಗೂ ಕೇಳಿದ 'ಗೀತಾ'

ಮೊನ್ನೆ ಭಾನುವಾರ ಕೆ.ಆರ್. ಪುರದ ನಮ್ಮ ಮನೆಯಲ್ಲಿ ಹಳೆಯ ಹಾಡೊಂದನ್ನು ಹಾಕಿಕೊಂಡು ಕೂತಿದ್ದೆ. ಏಳನೇ ತರಗತಿಯ ಮೊಮ್ಮಗಳು ಬಂದವಳೇ, "ತಾತ, ಇದು ಹಿಂದಿ ಹಾಡಲ್ವಾ? ಕನ್ನಡದವ್ರು ಕಾಪಿ ಹೊಡೆದಿದ್ದಾರೆ" ಅಂದಳು.

ಜೀವನವಿಡೀ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ತಾರೀಖು ತಪ್ಪಾದರೆ ಸುಮ್ಮನಿರುವವನಲ್ಲ. ಕೂರಿಸಿಕೊಂಡು ಲೆಕ್ಕ ಒಪ್ಪಿಸಿದೆ. ಅವಳು ಹೇಳಿದ ಹಿಂದಿ ಹಾಡು 2007ರ 'ಚೀನಿ ಕಮ್' ಚಿತ್ರದ್ದು. ಅದೇ ಧಾಟಿ 1984ರಲ್ಲೇ ತಮಿಳಿನ 'ನೂರಾವದು ನಾಳ್' ಚಿತ್ರದಲ್ಲಿ ಬಂದಿತ್ತು. ಅದಕ್ಕೂ ಮೂರು ವರ್ಷ ಮೊದಲು, 1981ರಲ್ಲಿ, ಕನ್ನಡದ 'ಗೀತಾ' ಚಿತ್ರದಲ್ಲಿ 'ಜೊತೆಯಲಿ' ಎಂಬ ಹಾಡಾಗಿ ಹುಟ್ಟಿತ್ತು. ಮೂರಕ್ಕೂ ಸಂಗೀತ ಇಳಯರಾಜಾ ಅವರದೇ. ತಮ್ಮದೇ ಒಡವೆಯನ್ನು ಕರಗಿಸಿ ಇನ್ನಿಬ್ಬರು ಮಕ್ಕಳಿಗೂ ಮಾಡಿಸಿಕೊಟ್ಟ ಹಾಗೆ. ಕದ್ದ ಮಾಲಲ್ಲ.

'ಗೀತಾ' ಶಂಕರ್ ನಾಗ್ ನಿರ್ದೇಶಿಸಿ, ನಟಿಸಿದ ಚಿತ್ರ. ಆಟೋಗಳ ಹಿಂದೆ ಇಂದಿಗೂ ಅಂಟಿಸಿರುತ್ತಾರಲ್ಲ, ಅದೇ ಶಂಕರಣ್ಣ. ಕಥೆ ಒಬ್ಬ ಹಾಡುಗಾರ ಹುಡುಗ ಮತ್ತು ರಕ್ತದ ಕ್ಯಾನ್ಸರ್ ಬಂದ ಹುಡುಗಿಯದು. ಚಿ. ಉದಯಶಂಕರ್ ಬರೆದ ಹಾಡುಗಳಲ್ಲಿ 'ಸಂತೋಷಕ್ಕೆ' ಎಲ್ಲರಿಗೂ ಗೊತ್ತು. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಅದನ್ನು ಬಿಡುವುದೇ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಆ ಒಂದನ್ನೇ ಕೇಳಿ ಕುಣಿದು ಎದ್ದು ಹೋದರೆ ಹೇಗೆ? ಅದರ ಜೊತೆಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ 'ಕೇಳದೆ ನಿಮಗೀಗ' ಕೇಳಬೇಕು. ಕುಣಿಸಿದ ಅದೇ ಗಂಟಲು ಎಷ್ಟು ತಗ್ಗುತ್ತದೆ ನೋಡಿ. ಆಮೇಲೆ ಮತ್ತೆ 'ಸಂತೋಷಕ್ಕೆ' ಹಾಕಿ. ಆ ಕುಣಿತ ಮೊದಲಿನಷ್ಟು ಹಗುರವಾಗಿ ಕೇಳಿಸುವುದಿಲ್ಲ.

ಮಕ್ಕಳೇ, ನಮ್ಮ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ಸುಲಭವಿರಲಿಲ್ಲ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬೇಕಿತ್ತು. ಹಾಗಾಗಿ ಬೇಕಿದ್ದರೂ ಬೇಡದಿದ್ದರೂ ಎಲ್ಲ ಹಾಡೂ ಕಿವಿಗೆ ಬೀಳುತ್ತಿತ್ತು. 'ಏನೇ ಕೇಳು', 'ನನ್ನ ಜೀವ ನೀನು' ನನಗೆ ಒಗ್ಗಿದ್ದು ಹಾಗೆಯೇ, ನಿಧಾನವಾಗಿ.

ಆಗ ನಾನು ಶಿವಾಜಿನಗರದ ಶಾಖೆಯಲ್ಲಿ ಗುಮಾಸ್ತ, ಮನೆ ಹಲಸೂರಿನ ಒಂದು ವಠಾರದಲ್ಲಿ. ದಂಡಿನ ಕಡೆ ಅಂಗಡಿಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ಕನ್ನಡ ಸಿನಿಮಾ ನೋಡಬೇಕೆಂದರೆ ಬಸ್ಸು ಹತ್ತಿ ಮೆಜೆಸ್ಟಿಕ್ ಕಡೆಗೇ ಹೋಗಬೇಕು. ನಮ್ಮ ಪಕ್ಕದ ಮನೆಯವರು ತಮಿಳರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಡುವೆ ಒಂದೇ ಗೋಡೆ. ನಾನು 'ಜೊತೆಯಲಿ' ಹಾಕಿದರೆ ಅವರು ತಮಿಳಿನದನ್ನು ಹಾಕುವರು. "ಸಾರ್, ನಮ್ದೇ ಒರಿಜಿನಲ್" ಎಂದು ಅವರು, ತಾರೀಖು ತೋರಿಸಿ ನಾನು. "ಮ್ಯೂಸಿಕ್ಕು ನಮ್ಮವರದಲ್ವಾ?" ಎಂದು ಅವರು ಮತ್ತೆ ಗೆಲ್ಲುವರು. ಬಾಲು, ಜಾನಕಿ ಇಬ್ಬರೂ ತೆಲುಗಿನವರು, ಶಂಕರ್ ನಾಗ್ ಹೊನ್ನಾವರದ ಕೊಂಕಣಿ ಮನೆಯವರು ಎಂದು ಇಬ್ಬರಿಗೂ ನೆನಪಾಗುತ್ತಿದ್ದದ್ದು ಆಮೇಲೆ.

1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಊರು ಹೊತ್ತಿ ಉರಿಯಿತು, ಕರ್ಫ್ಯೂ ಬಂತು. ಪಕ್ಕದ ಮನೆಯ ಟೇಪ್ ರೆಕಾರ್ಡರ್ ನಿಂತೇ ಹೋಯಿತು. ಮಕ್ಕಳ ಮಾತು ಕೂಡ ಕೇಳಿಸದು. ಮೂರು ದಿನ ನಾನು ಹೋಗಿ ಬಾಗಿಲು ತಟ್ಟಲಿಲ್ಲ. ಏನೆಂದು ಮಾತಾಡುವುದು ಎಂಬ ಸಂಕೋಚ, ನಾಲ್ಕು ಜನ ನೋಡಿದರೆ ಎಂಬ ಭಯ. ಎರಡೂ ಇತ್ತು, ಈಗ ಮುಚ್ಚಿಡುವುದೇಕೆ?

ಮೂರನೇ ರಾತ್ರಿ ನನ್ನ ಹೆಂಡತಿ ತಡೆಯಲಾರದೆ, "ಆ ಕ್ಯಾಸೆಟ್ ಹಾಕ್ರೀ" ಅಂದಳು. ಸಣ್ಣ ದನಿಯಲ್ಲಿ 'ಜೊತೆಯಲಿ' ಹಾಕಿದೆ. ಹಾಡು ಮುಗಿಯುವ ಹೊತ್ತಿಗೆ ಗೋಡೆಯ ಆ ಕಡೆಯಿಂದ ಎರಡು ಸಲ ತಟ್ಟಿದ ಸದ್ದು. ಅವಳು ಸೆರಗು ಸರಿಮಾಡಿಕೊಂಡು, ಹಾಲಿನ ಪಾತ್ರೆ ಹಿಡಿದು, ನನ್ನನ್ನು ಕೇಳದೆ ಬಾಗಿಲು ತೆಗೆದು ಹೋದಳು. ಆ ಮನೆಯಲ್ಲಿ ಎರಡು ದಿನದಿಂದ ಮಗುವಿಗೆ ಹಾಲಿರಲಿಲ್ಲವಂತೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು 'ಜೊತೆಯಲಿ'ಯನ್ನು ಇನ್ನೊಮ್ಮೆ ಕೇಳಿದಳು. ದನಿ ಬಿಟ್ಟು ಕೆಳಗಡೆ ನಡೆಯುವ ಬೇಸ್ ಗಿಟಾರನ್ನು ಹುಡುಕು ಎಂದಿದ್ದೆ. ಸಿಕ್ಕಿತು. "ತಾತ, ಇದೇ ಬೇರೆ ಹಾಡು ಹಾಡ್ತಿದೆ!" ಅಂದಳು.

ಪಕ್ಕದ ಮನೆಯವರು ಈಗ ಹೊಸೂರಿನಲ್ಲಿ ಮಗನ ಜೊತೆ ಇದ್ದಾರೆ. ಸಂಜೆ ಫೋನ್ ಮಾಡಿ ಮೊಮ್ಮಗಳ ಮಾತು ಹೇಳಿದೆ. ಹಿಂದಿಯದಂತೆ ಎಂದಾಗ ಅವರಿಗೂ ಸಿಟ್ಟು ಬಂತು. "ಅದೆಲ್ಲಾ ಬಿಡಿ ಸಾರ್, ಒರಿಜಿನಲ್ ನಮ್ದೇ" ಅಂದರು. ತಾರೀಖು ತೋರಿಸೋಣವೆಂದರೆ ಫೋನಿನಲ್ಲಿ ಹೇಗೆ ತೋರಿಸುವುದು?